ನೂರ ಹದಿನೇಳನೇ ಉತ್ತರಪತ್ರಿಕೆ

ಮಾರ್ಚ್ ೧೨

ಪ್ರೀತಿಯ ಟೀಚರ್‌ಗೆ,

ನಿಮ್ಮ ಯಾಕಮ್ಮ ಈಗ ಮೇಡಂ ಆಗಿದ್ದಾಳೆ. ಶಿಕ್ಷಕರ ತರಬೇತಿ ಕಾಲೇಜಿನ ದ್ವಿಭಾಷಾ ವಿಭಾಗದಲ್ಲಿ ನನಗೊಂದು ಮೇಜು, ಅರ್ಧ ಕಪಾಟು, ಹಿಂದಕ್ಕೆ ಒರಗಿದರೆ ಕಿರ್ರೆನ್ನುವ ಒಂದು ಕುರ್ಚಿ ಕೊಟ್ಟಿದ್ದಾರೆ. ಕೆಲಸ ಕಾಯಂ ಆಗಲು ಇನ್ನೊಂದು ವರ್ಷ ಬೇಕು. ಅಲ್ಲಿಯವರೆಗೆ ಎದುರು ಸಿಕ್ಕವರಿಗೆಲ್ಲ ನಗುನಗುತ್ತಾ ನಮಸ್ಕಾರ ಹೊಡೆಯುವುದೇ ನನ್ನ ಮುಖ್ಯ ಕೆಲಸ.

ಒಂದು ಪಾಠವನ್ನೂ ಮಾಡುವ ಮೊದಲೇ ನನ್ನನ್ನು ಪ್ರವೇಶ ಸಮಿತಿಗೆ ಹಾಕಿಬಿಟ್ಟರು. ಕಡಲ ನೀರು ನಿಲ್ಲಿಸಿ ಉಪ್ಪು ತೆಗೆಯುವ ಮಡಿಗಳಲ್ಲಿ ಕೆಲಸ ಮಾಡುವ ನಮ್ಮವರ ಮನೆಮಾತನ್ನು ಹುಟ್ಟಿನಿಂದ ಆಡಿದವಳು ಇಲ್ಲಿ ನಾನೊಬ್ಬಳೇ. ಪರೀಕ್ಷೆ ಹೀಗಿರುತ್ತದೆ. ಪ್ರೌಢಶಾಲೆಯ ಒಂದು ವಿಷಯ ಕೊಡುತ್ತಾರೆ. ಅಭ್ಯರ್ಥಿ ಅದರ ಪಾಠವನ್ನು ಒಮ್ಮೆ ಶಾಲೆಯ ಭಾಷೆಯಲ್ಲಿ, ಇನ್ನೊಮ್ಮೆ ಮಕ್ಕಳ ಮನೆಮಾತಿನಲ್ಲಿ ಬರೆಯಬೇಕು. ಕೈಬರಹದ ಗುರುತು ಹತ್ತಬಾರದೆಂದು ಎಲ್ಲರೂ ಬೆರಳಚ್ಚು ಮಾಡಿಯೇ ಕೊಡಬೇಕು. ನಮಗೆ ಕಾಣುವುದು ಬರೀ ನಂಬರು.

ಹೊಸ ಆದೇಶ ನಿಮ್ಮ ಶಾಲೆಗೂ ಬಂದಿರಬೇಕಲ್ಲ? ಜೂನ್‌ನಿಂದ ಎಂಟು, ಒಂಬತ್ತು, ಹತ್ತನೇ ತರಗತಿಗೆ ಎರಡು ಭಾಷೆಯಲ್ಲಿ ಪಾಠ ಮಾಡುವವರು ಈ ಸ್ನಾತಕೋತ್ತರ ತರಬೇತಿ ಮುಗಿಸಿರಬೇಕು, ಇಲ್ಲವೇ ಪ್ರವೇಶವಾದರೂ ಪಡೆದಿರಬೇಕು. ನಿಮ್ಮಂಥ ಹಳಬರಿಗೆ ವಿನಾಯಿತಿ ಇದ್ದೇ ಇರುತ್ತದೆ ಬಿಡಿ. ಇಪ್ಪತ್ತೆರಡು ವರ್ಷ ಪಾಠ ಮಾಡಿದವರನ್ನು ಯಾರು ಮುಟ್ಟುತ್ತಾರೆ?

ಅಮ್ಮನ ಮೊಣಕಾಲು ಹೇಗಿದೆ? ಫೋನಿನಲ್ಲಿ ಕೇಳಿದರೆ "ಕುಣೀತಾ ಇದೀನಿ, ನೋಡೋಕೆ ಬಾ" ಅನ್ನುತ್ತಾಳೆ. ನಿಮ್ಮಿಂದಲೇ ನಿಜ ತಿಳಿಯಬೇಕು.

ನಿಮ್ಮ ಯಾಕಮ್ಮ


ಮಾರ್ಚ್ ೨೫

ನನ್ನ ಯಾಕಮ್ಮನಿಗೆ,

ಮಾತುಮಾತಿಗೂ ಯಾಕೆ ಯಾಕೆ ಎಂದು ಕೇಳಿ ನನ್ನ ಗಂಟಲು ಒಣಗಿಸಿದವಳು ನೀನು. ಈಗ ಉತ್ತರ ತಿದ್ದುವ ಕುರ್ಚಿಯಲ್ಲಿ ಕೂತಿದ್ದೀಯ. ಕುರ್ಚಿ ಕಿರ್ರೆಂದರೆ ಅನ್ನಲಿ, ನೀನು ಮಾತ್ರ ಅನ್ನಬೇಡ. ಕಾಗದ ಬರೆದದ್ದು ಒಳ್ಳೆಯದಾಯಿತು. ಫೋನಿನಲ್ಲಿ ನೀನು ಮೂರು ಮಾತಿಗೊಮ್ಮೆ "ಆಮೇಲೆ ಹೇಳ್ತೀನಿ ಟೀಚರ್" ಎಂದು ಇಟ್ಟುಬಿಡುತ್ತೀಯ. ಆ ಆಮೇಲೆ ಎಂದೂ ಬರುವುದಿಲ್ಲ.

ಆದೇಶ ಬಂದಿದೆ. ಮುಖ್ಯೋಪಾಧ್ಯಾಯರು ಸಿಬ್ಬಂದಿ ಕೋಣೆಯಲ್ಲಿ ನಿಂತು ಓದಿದರು, ಓದುವಾಗ ನನ್ನ ಕಡೆ ನೋಡಲಿಲ್ಲ. ನೀನು ತಲೆ ಕೆಡಿಸಿಕೊಳ್ಳಬೇಡ. ನನ್ನದು ಹೇಗೋ ಆಗುತ್ತದೆ.

ನಾನು ಬೆರಳಚ್ಚು ಕಲಿಯುತ್ತಿದ್ದೇನೆ, ನಗಬೇಡ. ಶಾಲೆಯ ಎದುರಿನ ಮಹಡಿಯಲ್ಲಿ, ನನ್ನ ಅರ್ಧ ವಯಸ್ಸಿನ ಹುಡುಗಿಯರ ನಡುವೆ ಕೂತು ಒಂದೊಂದೇ ಅಕ್ಷರ ಹುಡುಕುತ್ತೇನೆ. ಅತ್ತಿಗೆಗೆ ಇದೊಂದು ದೊಡ್ಡ ತಮಾಷೆ. "ಇನ್ನೇನು ಐವತ್ತಾಗತ್ತೆ, ಈಗ ಟಕಟಕ ಕಲಿತು ಯಾವ ಆಫೀಸಿಗೆ ಹೊರಟೆಯಮ್ಮಾ?" ಅನ್ನುತ್ತಾಳೆ. ಅಂಕಪಟ್ಟಿ ಬೆರಳಚ್ಚು ಮಾಡಬೇಕು ಎಂದು ಬಾಯಿ ಮುಚ್ಚಿಸಿದ್ದೇನೆ.

ನಿಮ್ಮಮ್ಮನ ಎಡ ಮೊಣಕಾಲು ಊದಿದೆ, ಬಲದ್ದು ಪರವಾಗಿಲ್ಲ. ಪ್ರತಿ ಶನಿವಾರ ಉಪ್ಪಿನ ಕೆಲಸದವರ ಸಾಲುಮನೆಗೆ ಹೋಗಿ ಅವಳನ್ನು ನೋಡಿಬರುತ್ತೇನೆ. ನನಗೆ ಟೀ ಕೊಟ್ಟು ಎರಡು ಗಂಟೆ ಚೆನ್ನಾಗಿ ಬೈದು ಕಳಿಸುತ್ತಾಳೆ. ಯಾತಕ್ಕೆ ಬೈಯುತ್ತಾಳೆ ಎನ್ನುವುದು ನಮ್ಮಿಬ್ಬರ ವ್ಯವಹಾರ.

ಇನ್ನೊಂದು ಮಾತು, ಸುಮ್ಮನೆ ಕೇಳುತ್ತಿದ್ದೇನೆ. ಅಭ್ಯರ್ಥಿಗಳ ಹೆಸರು ನಿಮಗೆ ನಿಜವಾಗಲೂ ಕಾಣುವುದಿಲ್ಲವೆ? ಹಾಗಿದ್ದರೆ ಒಳ್ಳೆಯದು. ಗುರುತಿನವರಿಗೆ ಅಂಕ ಹಾಕುವ ಕಷ್ಟ ನಿನಗೆ ಬರಬಾರದು.

ನಿನ್ನ ಟೀಚರ್


ಮೇ ೬

ಪ್ರೀತಿಯ ಟೀಚರ್‌ಗೆ,

ಒಂದು ವಾರದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದುತ್ತಿದ್ದೇನೆ. ಕಿಟಕಿ ತೆರೆದರೆ ಹಾಳೆ ಹಾರುತ್ತದೆ, ಮುಚ್ಚಿದರೆ ನಾವು ಬೇಯುತ್ತೇವೆ. ಎದುರು ಮೇಜಿನಲ್ಲಿ ಹಿರಿಯ ಪರೀಕ್ಷಕರು. ನಿವೃತ್ತಿಗೆ ಎರಡು ವರ್ಷ ಇರುವ, ನಮ್ಮ ಮಾತನ್ನು ಓದುವಷ್ಟು ಕಲಿತ ಮೇಷ್ಟ್ರು, ಪ್ರತಿ ಹಾಳೆ ಮುಗಿದ ಮೇಲೂ ಕನ್ನಡಕ ತೆಗೆದು ಒರೆಸುತ್ತಾರೆ. ಪ್ರತಿ ಉತ್ತರಪತ್ರಿಕೆಯನ್ನು ಇಬ್ಬರೂ ಬೇರೆಬೇರೆಯಾಗಿ ನೋಡಿ ಆಮೇಲೆ ಅಂಕ ಹೊಂದಿಸುತ್ತೇವೆ.

ನಿಮಗೆ ಒಂದು ತಮಾಷೆ ಹೇಳಲೇಬೇಕು. ಈ ಸಲದ ವಿಷಯ, ನೀರು ಆವಿಯಾಗುವುದು. ನಮ್ಮ ವಿಭಾಗದ ಮೂಲ ನಿಯಮ ಗೋಡೆಯ ಮೇಲೇ ಇದೆ: ಪಾಠ ಒಂದು, ಭಾಷೆ ಎರಡು. ಶಾಲೆಯ ಭಾಷೆಯಲ್ಲಿ ಏನು ಬರೆದಿದ್ದಾರೋ ಅದೇ ಸಾಲಿಗೆ ಸಾಲು ಮನೆಮಾತಿನಲ್ಲೂ ಇರಬೇಕು. ನೂರ ಹದಿನೇಳನೇ ನಂಬರಿನವರು ಮೊದಲ ಭಾಗದಲ್ಲಿ ಒಗೆದ ಬಟ್ಟೆ ಇಟ್ಟುಕೊಂಡು ಅಚ್ಚುಕಟ್ಟಾಗಿ ಪಾಠ ಮಾಡಿದ್ದಾರೆ. ಮುದುಡಿದ ಬಟ್ಟೆ ಯಾಕೆ ತಡವಾಗಿ ಒಣಗುತ್ತದೆ, ಹರವಿದ್ದು ಯಾಕೆ ಬೇಗ, ಎಲ್ಲ ಸರಿ. ಎರಡನೇ ಭಾಗ ತೆಗೆದರೆ ಬಟ್ಟೆಯೇ ಮಾಯ! ಅಲ್ಲಿ ಶುರುವಾಗುವುದೇ ಹೀಗೆ: "ನಿಮ್ಮಪ್ಪ ಮಡಿಯಲ್ಲಿ ನೀರನ್ನ ಒಂದು ಗೇಣಷ್ಟೇ ಯಾಕೆ ನಿಲ್ಲಿಸ್ತಾರೆ? ಬಾವಿಯಷ್ಟು ಆಳ ತೋಡಿ ತುಂಬಿದ್ರೆ ಏನಾಗ್ತಿತ್ತು?" ಆಮೇಲೆ ಯಾವ ಗಾಳಿಗೆ ಉಪ್ಪು ಸಣ್ಣ ಹರಳು ಕಟ್ಟುತ್ತದೆ, ಯಾವುದಕ್ಕೆ ದಪ್ಪ ಎಂದು ಮಕ್ಕಳನ್ನೇ ಕೇಳುವುದು. ವ್ಯಾಖ್ಯೆ ಬರುವುದು ಕಟ್ಟಕಡೆಗೆ, ಅದೂ ಮಕ್ಕಳ ಬಾಯಿಂದ.

ನಾನು ಐವತ್ತಕ್ಕೆ ಹತ್ತೊಂಬತ್ತು ಕೊಟ್ಟೆ. ಮೂವತ್ತು ಬಂದರೆ ತೇರ್ಗಡೆ. "ಇವು ಒಂದೇ ಪಾಠದ ಎರಡು ರೂಪಗಳಲ್ಲ, ಎರಡು ಬೇರೆ ಪಾಠಗಳು" ಎಂದು ಕೆಂಪು ಶಾಯಿಯಲ್ಲಿ ಷರಾ ಬರೆದೆ. ಬರೆದ ಮೇಲೆ ನಾನು ನಿಜವಾಗಲೂ ಮೇಡಂ ಆದೆ ಅನ್ನಿಸಿತು. ನೀವಾಗಿದ್ದರೆ ಎಷ್ಟು ಕೊಡುತ್ತಿದ್ದಿರಿ?

ನಿಮ್ಮ ಯಾಕಮ್ಮ


ಮೇ ೧೫

ಪ್ರೀತಿಯ ಮಗಳೆ,

ತಿದ್ದುವ ಕೆಲಸ ಮುಗಿಯದೆ ಒಂದು ಹಾಳೆಯ ವಿಷಯವನ್ನು ಹೊರಗಿನವರ ಹತ್ತಿರ ಆಡಬಾರದು. ನಾನಾದರೂ ಹೊರಗಿನವಳೇ. ನನ್ನ ಅಭಿಪ್ರಾಯ ಕೇಳಬಾರದಿತ್ತು, ನಾನು ಹೇಳುವುದಿಲ್ಲ.

ಒಂದೇ ಒಂದು ಕೇಳುತ್ತೇನೆ. ಆ ಹಾಳೆಯಲ್ಲಿ ನಿಮ್ಮ ಮನೆಮಾತು ತಪ್ಪಾಗಿತ್ತೆ? ಭಾಷೆಗಾಗಿ ಅಂಕ ಹೋಯಿತೆ?

ಶಾಲೆಗೆ ರಜೆ. ಬೆರಳಚ್ಚಿನ ತರಗತಿ ಬಿಟ್ಟಿದ್ದೇನೆ. ನಿಮ್ಮಮ್ಮ ಆರಾಮಾಗಿದ್ದಾಳೆ.

ನಿನ್ನ ಟೀಚರ್


ಮೇ ೨೪

ಪ್ರೀತಿಯ ಟೀಚರ್‌ಗೆ,

ನಿಮ್ಮ ಕಾಗದ ಓದಿ ಎಂಟನೇ ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹಾಗಾಯಿತು. ತಪ್ಪಾಯಿತು. ಇನ್ನು ಯಾರ ಹತ್ತಿರವೂ ಆಡುವುದಿಲ್ಲ. ಆದರೆ ಕೇಳಿದ್ದೀರಿ, ಅದಕ್ಕೆ ಹೇಳಿಬಿಡುತ್ತೇನೆ. ತಿದ್ದುವುದೂ ನಿನ್ನೆಗೆ ಮುಗಿಯಿತು.

ಭಾಷೆಯಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಉಳಿದವರೆಲ್ಲ ನಮ್ಮ ಮಾತನ್ನು ಪುಸ್ತಕದಿಂದ ಕಲಿತವರು, ಬಿಗಿ ಅಂಗಿ ತೊಟ್ಟವರ ಹಾಗೆ ಬರೆಯುತ್ತಾರೆ. ಇವರದು ಓದುತ್ತಿದ್ದರೆ ಅಮ್ಮನೇ ಎದುರು ಕೂತು ಮಾತಾಡಿದಂತಿತ್ತು. ಸಾಲುಮನೆಯಲ್ಲೇ ಹುಟ್ಟಿ ಬೆಳೆದವರು, ಅದರಲ್ಲಿ ಸಂಶಯವೇ ಇಲ್ಲ.

ಹಿರಿಯ ಪರೀಕ್ಷಕರು ಅದಕ್ಕೆ ನಲವತ್ತೊಂದು ಕೊಟ್ಟಿದ್ದರು! ಅಂತರ ಜಾಸ್ತಿಯಾದರೆ ಇಬ್ಬರೂ ಕೂತು ಮಾತಾಡಿ ಒಂದು ಅಂಕಕ್ಕೆ ಬರಬೇಕು. ಅವರು "ನೋಡಮ್ಮ, ಇಡೀ ಕಟ್ಟಿನಲ್ಲಿ ಮಕ್ಕಳು ಕಣ್ಣಿಗೆ ಕಂಡಿದ್ದು ಇದೊಂದರಲ್ಲೇ" ಅಂದರು. ನಾನು ನಿಯಮದ ಪುಸ್ತಕ ತೆಗೆದು ಮುಂದಿಟ್ಟೆ. ಅರ್ಧ ಗಂಟೆ ವಾದ ಮಾಡಿದೆ. ಕೊನೆಗೆ ಕನ್ನಡಕ ಒರೆಸುತ್ತಾ "ನಿಮ್ಮ ಭಾಷೆ, ನಿಮ್ಮ ಜನ. ನಿಮಗಿಂತ ನನಗೆ ಜಾಸ್ತಿ ಗೊತ್ತಾ?" ಎಂದು ಹತ್ತೊಂಬತ್ತಕ್ಕೇ ಸಹಿ ಹಾಕಿದರು. ಮೊದಲ ವರ್ಷದಲ್ಲೇ ಅಂಥವರನ್ನು ಒಪ್ಪಿಸಿದೆನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಬೆರಳಚ್ಚು ಯಾಕೆ ಬಿಟ್ಟಿರಿ? ಅತ್ತಿಗೆಯವರ ಕಾಟವೆ?

ನಿಮ್ಮ ಯಾಕಮ್ಮ


ಜೂನ್ ೧೦

(ಹೆಸರು, ವಿಳಾಸ)
ಅಭ್ಯರ್ಥಿ ಸಂಖ್ಯೆ ೧೧೭ ಇವರಿಗೆ,

ದ್ವಿಭಾಷಾ ಪ್ರೌಢಶಾಲಾ ಶಿಕ್ಷಕರ ಸ್ನಾತಕೋತ್ತರ ತರಬೇತಿಗೆ ತಾವು ಸಲ್ಲಿಸಿದ ಅರ್ಜಿಯನ್ನು ಪರಿಶೀಲಿಸಲಾಗಿದ್ದು, ಪ್ರವೇಶ ಪರೀಕ್ಷೆಯಲ್ಲಿ ನಿಗದಿತ ಅಂಕ ಪಡೆಯದ ಕಾರಣ ತಮಗೆ ಪ್ರವೇಶ ನೀಡಲು ಸಾಧ್ಯವಾಗಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಮುಂದಿನ ವರ್ಷಕ್ಕೆ ತಮ್ಮ ವಯಸ್ಸು ಐವತ್ತು ತುಂಬುವುದರಿಂದ ಮತ್ತೆ ಅರ್ಜಿ ಸಲ್ಲಿಸಲು ಅವಕಾಶವಿರುವುದಿಲ್ಲ. ಮರುಪರಿಶೀಲನೆ ಬಯಸಿದಲ್ಲಿ, ಲಗತ್ತಿಸಿದ ನಮೂನೆಯಲ್ಲಿ ಕಾರಣ ನಮೂದಿಸಿ ಮೂವತ್ತು ದಿನಗಳೊಳಗೆ ಕಳುಹಿಸತಕ್ಕದ್ದು.

ಪ್ರವೇಶ ಸಮಿತಿಯ ಪರವಾಗಿ,
(ಸಹಿ) ಅಧ್ಯಾಪಕಿ, ದ್ವಿಭಾಷಾ ವಿಭಾಗ


ಜೂನ್ ೨೨

ಪ್ರೀತಿಯ ಟೀಚರ್‌ಗೆ,

ಕೋಪವೆ? ತಿಂಗಳಾಯಿತು, ಒಂದು ಸಾಲಿಲ್ಲ. ಅಥವಾ ಶಾಲೆ ಶುರುವಾದ ಗಲಾಟೆಯೆ?

ಇಲ್ಲಿ ನನ್ನ ಕೈ ಬಿದ್ದುಹೋಗಿದೆ. ಪ್ರವೇಶ ಸಿಗದವರಿಗೆ ಕಳಿಸುವ ನೂರ ನಲವತ್ಮೂರು ಪತ್ರಗಳಿಗೂ ನನ್ನದೇ ಸಹಿ. ಕಿರಿಯಳಾದ ತಪ್ಪಿಗೆ. ಗುಮಾಸ್ತರು ಪತ್ರವನ್ನು ಆಗಲೇ ಮಡಚಿ, ಸಹಿಯ ಜಾಗವಷ್ಟೇ ಕಾಣುವಂತೆ ಮುಂದಿಡುತ್ತಿದ್ದರು. "ಮೇಲೆ ನೋಡ್ಬೇಡಿ ಮೇಡಂ, ಹೆಸರು ನೋಡಿದ್ರೆ ಊಟ ಸೇರಲ್ಲ" ಎಂದರು. ಅನುಭವಸ್ಥರು. ನಾನೂ ನೋಡಲಿಲ್ಲ.

ಈ ವರ್ಷ ನಿಮ್ಮ ಎಂಟನೇ ತರಗತಿಯಲ್ಲಿ ಸಾಲುಮನೆಯ ಮಕ್ಕಳು ಎಷ್ಟು ಜನ? ನನ್ನ ಹಾಗೆ ತಲೆ ತಿನ್ನುವವರು ಯಾರಾದರೂ ಇದ್ದಾರೆಯೆ? ಎರಡೇ ಸಾಲಾದರೂ ಬರೆಯಿರಿ.

ನಿಮ್ಮ ಯಾಕಮ್ಮ


ಜುಲೈ ೩

ಪ್ರೀತಿಯ ಮಗಳೆ,

ಕೋಪವಿಲ್ಲ, ಕೆಲಸ ಬದಲಾಗಿದೆ. ಜೂನ್ ಹದಿನೈದರಿಂದ ನನ್ನನ್ನು ಗ್ರಂಥಾಲಯಕ್ಕೆ ಹಾಕಿದ್ದಾರೆ. ವಯಸ್ಸಾಯಿತು, ದಿನಕ್ಕೆ ಆರು ಪಾಠ ಎಂದರೆ ಗಂಟಲು ಕೈಕೊಡುತ್ತದೆ, ನಾನೂ ಬೇಡ ಎನ್ನಲಿಲ್ಲ. ಗ್ರಂಥಾಲಯ ನಿನಗೆ ಗೊತ್ತಲ್ಲ, ಮೆಟ್ಟಿಲ ಕೆಳಗಿನ ಕೋಣೆ. ಮುರಿದ ಭೂಗೋಳ ಇನ್ನೂ ಅಲ್ಲೇ ಇದೆ. ಪುಸ್ತಕಗಳ ಧೂಳು ಹೊಡೆದು ಪಟ್ಟಿ ಮಾಡುತ್ತಿದ್ದೇನೆ. ಮೇಲಿನಿಂದ ಮಕ್ಕಳ ಕಾಲಿನ ಸದ್ದು ಕೇಳಿಸುತ್ತದೆ. ಯಾವ ತರಗತಿ ಬಿಟ್ಟಿತು ಎಂದು ಸದ್ದಿನಲ್ಲೇ ತಿಳಿಯುತ್ತದೆ.

ಎಂಟನೇ ತರಗತಿಯಲ್ಲಿ ಸಾಲುಮನೆಯವರು ಹನ್ನೊಂದು ಜನ. ನಾನು ಅವರ ಮುಖ ಸರಿಯಾಗಿ ನೋಡಿಲ್ಲ.

ನಿನ್ನ ಸಹಿ ಚೆನ್ನಾಗಿದೆ ಎಂದು ಕೇಳಿದೆ. ಒಳ್ಳೆಯದು. ಆದರೆ ಇನ್ನು ಮುಂದೆ ಸಹಿ ಹಾಕುವ ಕಾಗದವನ್ನು ಬಿಡಿಸಿ ಓದು. ಊಟ ಸೇರದಿದ್ದರೆ ಒಂದು ಹೊತ್ತು ಬಿಡು.

ನಿನ್ನ ಟೀಚರ್


ಆಗಸ್ಟ್ ೧೧

ಟೀಚರ್,

ಸಾಲುಮನೆಯಿಂದ ಬರೆಯುತ್ತಿದ್ದೇನೆ. ನಿನ್ನೆ ಬಂದೆ. ನಿಮ್ಮ ಮನೆಯ ಬೀದಿಯವರೆಗೆ ಎರಡು ಸಲ ನಡೆದು ವಾಪಸು ಬಂದಿದ್ದೇನೆ. ಬಾಗಿಲು ತಟ್ಟುವ ಧೈರ್ಯವಾಗಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅಮ್ಮ ಕೇಳಿದಳು: "ನೀನು ಅಲ್ಲೇ ಇದ್ದೂ ಟೀಚರ್‌ಗೆ ಸೀಟು ಸಿಗಲಿಲ್ವಾ?" ಯಾವ ಸೀಟು ಎಂದೆ. ಎರಡು ವರ್ಷ ಪ್ರತಿ ಶನಿವಾರ ನೀವು ಬಂದು ನಮ್ಮ ಮಾತು ಕಲಿತದ್ದು, ಅಮ್ಮ ತಪ್ಪು ತಿದ್ದಿ ಬೈದದ್ದು, ನನಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡದ್ದು, ಎಲ್ಲ ಹೇಳಿದಳು. "ಪರೀಕ್ಷೆಯಿಂದ ನೇರ ಇಲ್ಲಿಗೇ ಬಂದ್ರು ಕಣೇ. ಮಡಿ ನೀರಿನ ಮೇಲೆ ಬರೆದೆ ಅಂತ ಇಡೀ ಪಾಠ ನನಗೆ ಹೇಳಿ ತೋರಿಸಿದ್ರು. ಎಷ್ಟು ಚೆನ್ನಾಗಿತ್ತು ಗೊತ್ತಾ, ನನಗೇ ಅರ್ಥ ಆಯ್ತು!" ಎಂದಳು. ನಾನು ಅಲ್ಲೇ ಕೂತುಬಿಟ್ಟೆ. ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ.

ನಾವು ಎಂಟನೇ ತರಗತಿಯಲ್ಲಿದ್ದಾಗ ನೀವು ನಮ್ಮ ಮಾತು ಆಡಿದರೆ ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದೆವು. ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಆ ಹಾಳೆ ನಿಮ್ಮದಿರಬಹುದು ಎನ್ನುವ ಯೋಚನೆ ಒಂದು ಕ್ಷಣವೂ ಸುಳಿಯಲಿಲ್ಲ. ಇದನ್ನು ನೀವು ನಂಬಬೇಕು.

ಆದರೆ ನಿಯಮಕ್ಕಾಗಿ ಅಂಕ ಕತ್ತರಿಸಿದೆ ಎಂದು ಬರೆದಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ಆ ಹಾಳೆಯಲ್ಲಿ ಉಪ್ಪಿನ ಮಡಿ ಎಂದು ಓದಿದ ಕೂಡಲೇ ಅಪ್ಪನ ಬಿರುಕುಬಿಟ್ಟ ಪಾದ ಆ ಮೇಜಿನ ಮೇಲೆ ಬಂದ ಹಾಗಾಯಿತು. ನಾಚಿಕೆಯಾಯಿತು ಟೀಚರ್. ಇದು ನಮ್ಮವರದೇ ಹಾಳೆ, ನಲವತ್ತೊಂದು ಕೊಟ್ಟರೆ ತನ್ನವರನ್ನು ಎತ್ತಿದಳು ಅನ್ನುತ್ತಾರೆ ಎಂದು ಹೆದರಿದೆ. ಅದಕ್ಕೇ ಆ ಮೇಷ್ಟ್ರ ಜೊತೆ ಅಷ್ಟು ಹಟ ಹಿಡಿದೆ. ಅವರು ಕೊಟ್ಟದ್ದನ್ನು ನಾನು ಕಿತ್ತುಕೊಂಡೆ.

ಇನ್ನೊಂದಿದೆ. ನೀವು ನನಗೂ ಹೀಗೆಯೇ ಕಲಿಸಿದ್ದಿರಿ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಿಸಿಕೊಂಡು, ತರಗತಿಯಲ್ಲಿ ಹೇಳಿದ್ದನ್ನು ಬಿಟ್ಟು, ಅಪ್ಪನ ಕೆಲಸದ ಬಗ್ಗೆ ಏನೇನೋ ಕೇಳುತ್ತಿದ್ದಿರಿ. ನಾನು ಅದನ್ನು ಹರಟೆ ಅಂದುಕೊಂಡಿದ್ದೆ. ಮರುದಿನ ಎಲ್ಲ ಅರ್ಥವಾದಾಗ ನಾನು ಹುಟ್ಟಾ ಜಾಣೆ, ಅದಕ್ಕೇ ಅರ್ಥವಾಯಿತು ಅಂದುಕೊಂಡಿದ್ದೆ. ಮೊನ್ನೆಯವರೆಗೂ ಹಾಗೇ ಅಂದುಕೊಂಡಿದ್ದೆ.

ಮರುಪರಿಶೀಲನೆಗೆ ಮೂವತ್ತು ದಿನ ಇತ್ತು. ನೀವು ಯಾಕೆ ಬರೆಯಲಿಲ್ಲ? ಈಗ ನಾನೇ ಪ್ರಾಂಶುಪಾಲರಿಗೆ ಎಲ್ಲ ಬರೆದುಕೊಟ್ಟು ಕೆಲಸ ಬಿಡುತ್ತೇನೆ. ನನ್ನಿಂದ ಆದದ್ದು ನನ್ನಿಂದಲೇ ಸರಿಯಾಗಲಿ. ಬೈಯಿರಿ, ಆದರೆ ಬರೆಯಿರಿ.


ಆಗಸ್ಟ್ ೨೯

ಮಗಳೆ,

ಬೈಯುವುದಕ್ಕೆ ಕೂತು ಮೂರು ಸಲ ಎದ್ದಿದ್ದೇನೆ. ಎಲ್ಲ ಮರೆತೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಬರೆಯೋಣವೆಂದರೆ ಅದೂ ಕೈಯಿಂದ ಬರುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿನ್ನ ಮೇ ಆರರ ಕಾಗದವನ್ನು, ರಜೆಯಲ್ಲಿ ಅಂಚೆಗೆಂದು ಹೋದಾಗ, ಶಾಲೆಯ ಮೆಟ್ಟಿಲ ಮೇಲೆ ನಿಂತು ಓದಿದೆ. ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಹರಿದು ಬಿಸಾಡಿದೆ. ಆಮೇಲೆ, ತಪ್ಪು ಭಾಷೆಯಲ್ಲಿದ್ದರೆ ಒಪ್ಪಿಕೊಳ್ಳುತ್ತೇನೆ ಎಂದುಕೊಂಡು ಅದೊಂದನ್ನು ಕೇಳಿದೆ. ಅಮ್ಮನೇ ಮಾತಾಡಿದಂತಿತ್ತು ಎಂದು ನೀನು ಬರೆದೆ. ಜೀವನದಲ್ಲಿ ಯಾರೂ ನನ್ನನ್ನು ಅಷ್ಟು ಹೊಗಳಿಲ್ಲ. ಅದೇ ಕಾಗದದಲ್ಲಿ ನಲವತ್ತೊಂದರ ವಿಷಯವೂ ಇತ್ತು. ಅವತ್ತು ಇಡೀ ದಿನ ಅತ್ತಿಗೆ ಏನು ಕೇಳಿದರೂ ತಲೆನೋವು ಎಂದೆ.

ಜೂನ್‌ನಲ್ಲಿ ಪತ್ರ ಬಂದಾಗ ಕೆಳಗೆ ನಿನ್ನ ಸಹಿ ಇತ್ತು. ಗೊತ್ತಿದ್ದೂ ಹಾಕಿದ್ದಾಳೆ ಎಂದುಕೊಂಡು ಹನ್ನೆರಡು ದಿನ ನಿನ್ನನ್ನು ಮನಸ್ಸಿನಲ್ಲಿ ಬೈದೆ. ಮಡಚಿದ ಪತ್ರದ ಕಥೆ ನೀನು ಬರೆದ ಮೇಲೆ ಬೈಯುವುದಕ್ಕೂ ಏನೂ ಉಳಿಯಲಿಲ್ಲ.

ಮರುಪರಿಶೀಲನೆಯ ನಮೂನೆ ತುಂಬಿದ್ದೆ. ಕಾರಣ ಬರೆಯಬೇಕಿತ್ತು. ಇಬ್ಬರು ಪರೀಕ್ಷಕರ ಅಂಕ ನನಗೆ ಹೇಗೆ ಗೊತ್ತಾಯಿತು ಎಂದು ಅವರು ಕೇಳದೆ ಬಿಡುತ್ತಿರಲಿಲ್ಲ. ನಿನ್ನ ಹೆಸರು ಹೇಳಬೇಕಾಗುತ್ತಿತ್ತು, ನಿನ್ನ ಕೆಲಸ ಕಾಯಂ ಆಗಿಲ್ಲ. ಅಂಚೆ ಡಬ್ಬಿಯವರೆಗೆ ಹೋಗಿ ವಾಪಸು ಬಂದೆ. ನಿನ್ನ ಮೇಲಿನ ಪ್ರೀತಿಗಾಗಿ ಎಂದರೆ ಅದು ಅರ್ಧ ಸುಳ್ಳು. ಹತ್ತೊಂಬತ್ತು ಅಂಕದ ಹಾಳೆಯನ್ನು ಇನ್ನೂ ನಾಲ್ಕು ಜನರ ಕೈಗೆ ಕೊಟ್ಟು ಕಾಯುವಷ್ಟು ಗಟ್ಟಿ ನಾನಲ್ಲ.

ಕೆಲಸ ಬಿಡಬೇಡ. ಬಿಟ್ಟರೆ ನನ್ನ ತರಗತಿ ನನಗೆ ಬರುವುದಿಲ್ಲ, ಆ ಸಮಿತಿಯಲ್ಲಿ ನಿಮ್ಮ ಮಾತು ಆಡಿ ಬೆಳೆದವರು ಮಾತ್ರ ಇಲ್ಲವಾಗುತ್ತಾರೆ. ನಿಮ್ಮಮ್ಮನಿಗೂ ಹೇಳಬೇಡ. ಅವಳಿಗೆ ನಿನ್ನ ಮೇಲಿರುವ ಹೆಮ್ಮೆಯನ್ನು ಕೆಡಿಸಿ ನನಗೇನೂ ಆಗಬೇಕಾಗಿಲ್ಲ.

ಇಷ್ಟನ್ನೇ ಬರೆದು ಮುಗಿಸಬೇಕೆಂದಿದ್ದೆ. ಆದರೆ ನಿನ್ನೆ ಒಂದು ನಡೆಯಿತು, ಅದನ್ನು ನಿನ್ನ ಹತ್ತಿರವಲ್ಲದೆ ಬೇರೆ ಯಾರ ಹತ್ತಿರವೂ ಹೇಳಿಕೊಳ್ಳಲಾರೆ.

ನನ್ನ ಜಾಗಕ್ಕೆ ಬಂದವಳು ಹೋದ ವರ್ಷ ನಿಮ್ಮ ಕಾಲೇಜಿನಲ್ಲೇ ತರಬೇತಿ ಮುಗಿಸಿದವಳು. ಒಳ್ಳೆಯ ಹುಡುಗಿ, ಸೋಮಾರಿಯಲ್ಲ. ಪಾಠವನ್ನು ಎರಡೂ ಭಾಷೆಯಲ್ಲಿ ಸಾಲಿಗೆ ಸಾಲು ಹೊಂದಿಸಿ ಬರೆದುಕೊಂಡು ಬರುತ್ತಾಳೆ. ಸಾಲುಮನೆಯ ಹನ್ನೊಂದು ಮಕ್ಕಳೂ ಅದನ್ನು ದುಂಡಗೆ ನಕಲು ಮಾಡಿಕೊಳ್ಳುತ್ತಾರಂತೆ. ಈಗ ಹನ್ನೊಂದಿಲ್ಲ, ಏಳು. ನಾಲ್ವರು ಬರುವುದನ್ನು ಬಿಟ್ಟಿದ್ದಾರೆ.

ನಿನ್ನೆ ಮಧ್ಯಾಹ್ನ ಅವಳು ಗ್ರಂಥಾಲಯಕ್ಕೆ ಬಂದಳು. ಪುಸ್ತಕ ಹುಡುಕುವ ಹಾಗೆ ಸ್ವಲ್ಪ ಹೊತ್ತು ನಿಂತು, ಆಮೇಲೆ ನನ್ನ ಎದುರು ಕೂತಳು. ಕಣ್ಣು ಕೆಂಪಾಗಿತ್ತು. "ಮೇಡಂ, ನೀವು ಈ ಮಕ್ಕಳಿಗೆ ತುಂಬ ವರ್ಷ ಪಾಠ ಮಾಡಿದೀರಂತೆ. ನಾನು ಅವರ ಭಾಷೆಯಲ್ಲೇ ಹೇಳ್ತೀನಿ, ಒಂದು ಪದಾನೂ ಬಿಡಲ್ಲ. ಆದ್ರೂ ಸುಮ್ನೆ ನನ್ನ ಮುಖಾನೇ ನೋಡ್ತಾ ಕೂತಿರ್ತಾರೆ. ನಾನೆಲ್ಲಿ ತಪ್ತಾ ಇದೀನಿ, ಹೇಳಿ" ಎಂದಳು.

ಇಪ್ಪತ್ತೆರಡು ವರ್ಷ ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಕಾದಿದ್ದೇನೆ. ಹೇಳಲು ಹತ್ತು ನಿಮಿಷ ಸಾಕಿತ್ತು. ಆ ಏಳು ಮಕ್ಕಳು ಉಳಿಯುತ್ತಿದ್ದರೋ ಏನೋ, ಹೋದ ನಾಲ್ವರನ್ನೂ ಕರೆತರಬಹುದಿತ್ತೋ ಏನೋ. ನನಗೆ ಉತ್ತರ ಗೊತ್ತಿತ್ತು.

"ನನಗೆ ತರಬೇತಿ ಆಗಿಲ್ಲಮ್ಮ, ನನಗೇನು ಗೊತ್ತು" ಎಂದೆ. ಅವಳು ತಲೆ ತಗ್ಗಿಸಿಕೊಂಡು ಮೆಟ್ಟಿಲು ಹತ್ತಿ ಹೋದಳು.

ನಿನ್ನ ಟೀಚರ್